ನಿನ್ನೆ ಸಂಜೆ ಎಷ್ಟು ಬಂತು?

ಕೆಲವು ವರ್ಷ ನಾನು ಒಂದು ಗ್ಯಾಸ್ ಟರ್ಬೈನ್ ಸ್ಥಾವರದ ಕಂಟ್ರೋಲ್ ರೂಮಿನಲ್ಲಿ ಪಾಳಿ ಕೆಲಸ ಮಾಡಿದ್ದೆ. ಹಗಲೂ ರಾತ್ರಿ ಓಡುವ ಸ್ಥಾವರವಲ್ಲ ಅದು. ಬೇಡಿಕೆ ತೀರಾ ಏರಿದಾಗ ಹೊತ್ತಿಸಿ, ಇಳಿದ ಕೂಡಲೇ ಆರಿಸುವ ಜಾತಿಯದು. ಪೀಕರ್ ಅನ್ನುತ್ತಾರೆ. ಕೆಲವೊಮ್ಮೆ ವಾರಗಟ್ಟಲೆ ತಣ್ಣಗೆ ನಿಂತಿರುತ್ತಿತ್ತು. ಆಮೇಲೆ ಸೆಖೆ ಏರಿದ ನಾಲ್ಕೈದು ದಿನ ಬಿಡುವಿಲ್ಲದೆ ಎಬ್ಬಿಸಬೇಕಾಗುತ್ತಿತ್ತು.

ಅಂಥ ಒಂದು ವಾರದ ಕೊನೆಯಲ್ಲಿ, ಗೋಡೆಯಾಚೆ ಮನೆಯಿದ್ದ ಒಬ್ಬ ಹೆಂಗಸು ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿದರು. ಅವರ ಮಗನಿಗೆ ಉಬ್ಬಸ. "ನಿನ್ನೆ ಸಂಜೆ ನಿಮ್ಮ ಮಷೀನು ಓಡಿತಲ್ಲ, ಎಷ್ಟು ಹೊಗೆ ಬಂತು?" ಎಂದು ಕೇಳಿದರು. ನನ್ನ ಬಾಯಲ್ಲಿ ಉತ್ತರ ಸಿದ್ಧವಾಗಿತ್ತು: "ನಮ್ಮದು ನೂರು ಗಂಟೆಯಲ್ಲಿ ಐದು ಗಂಟೆಯೂ ಓಡಲ್ಲಮ್ಮ. ವರ್ಷದ ಲೆಕ್ಕ ನೋಡಿದರೆ ಬಹಳ ಕಡಿಮೆ." ಅವರು ಸಿಟ್ಟಾಗಲಿಲ್ಲ. "ವರ್ಷದ್ದು ನಾನು ಕೇಳಲಿಲ್ಲಪ್ಪ. ನಿನ್ನೆ ಸಂಜೆ ಎಷ್ಟು ಬಂತು?" ಎಂದರು.

ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೂ ಅವರಿಗೆ ಬೇಕಾದದ್ದು ಅದರಲ್ಲಿ ಏನೂ ಇರಲಿಲ್ಲ. ಆ ಕೆಲಸ ಬಿಟ್ಟು ಬಹಳ ಕಾಲವಾಯಿತು, ಪ್ರಶ್ನೆ ಮಾತ್ರ ನನ್ನನ್ನು ಬಿಟ್ಟಿಲ್ಲ. ಇವತ್ತು ಅದಕ್ಕೆ ನನಗೆ ತಿಳಿದಷ್ಟು ಉತ್ತರ ಬರೆಯಲು ಕೂತಿದ್ದೇನೆ.

ಮೊದಲು, ಇಂಥ ಸ್ಥಾವರ ಯಾಕಾದರೂ ಬೇಕು? ನೀರನ್ನು ತೊಟ್ಟಿಯಲ್ಲಿ ತುಂಬಿಟ್ಟ ಹಾಗೆ ವಿದ್ಯುತ್ತನ್ನು ತಂತಿಯಲ್ಲಿ ತುಂಬಿಡಲು ಆಗುವುದಿಲ್ಲ. ಈ ಕ್ಷಣ ಎಷ್ಟು ಬಳಕೆಯೋ ಈ ಕ್ಷಣವೇ ಅಷ್ಟು ಉತ್ಪಾದನೆ ಆಗಬೇಕು. ಬಳಕೆ ಹೆಚ್ಚಾದರೆ ವಿದ್ಯುತ್ ಜಾಲಕ್ಕೆ (ಗ್ರಿಡ್ಡಿಗೆ) ಕಟ್ಟಿಕೊಂಡ ಜನರೇಟರುಗಳೆಲ್ಲ ಒಟ್ಟಿಗೆ ಒಂದು ಕೂದಲೆಳೆಯಷ್ಟು ನಿಧಾನವಾಗುತ್ತವೆ, 50 ಅಥವಾ 60 ಹರ್ಟ್ಸ್ ಇರಬೇಕಾದ ಆವರ್ತನ ಕುಸಿಯುತ್ತದೆ. ನಮ್ಮ ಕಂಟ್ರೋಲ್ ರೂಮಿನ ಗೋಡೆಯ ಮೇಲೆ ಆ ಅಂಕಿಯೊಂದೇ ದೊಡ್ಡದಾಗಿ ಹೊಳೆಯುತ್ತಿತ್ತು. ಹೊಸದಾಗಿ ಬಂದವರು ಮೊದಲ ವಾರದಲ್ಲೇ ಮಾತಿನ ನಡುವೆಯೂ ಕಣ್ಣು ಅತ್ತ ಹೊರಳಿಸುವ ಅಭ್ಯಾಸ ಮಾಡಿಕೊಳ್ಳುತ್ತಿದ್ದರು.

ಬೇಡಿಕೆ ಎಷ್ಟು ಬೇಗ ಏರಬಲ್ಲದು ಎನ್ನುವುದಕ್ಕೆ ಬ್ರಿಟನ್ನಿನ 1990ರ ಜುಲೈ 4ರ ರಾತ್ರಿಯನ್ನು ವಿದ್ಯುತ್ ಎಂಜಿನಿಯರುಗಳು ಇವತ್ತಿಗೂ ನೆನೆಯುತ್ತಾರೆ. ವಿಶ್ವಕಪ್ ಫುಟ್‌ಬಾಲಿನ ಸೆಮಿಫೈನಲ್, ಇಂಗ್ಲೆಂಡ್ ಮತ್ತು ಪಶ್ಚಿಮ ಜರ್ಮನಿ. ಆಟ ಮುಗಿದು ಜನ ಟಿವಿ ಮುಂದಿನಿಂದ ಎದ್ದು ಕೆಟಲ್ ಹಚ್ಚಿದ್ದಕ್ಕೆ ಬೇಡಿಕೆ ಸುಮಾರು 2,800 ಮೆಗಾವ್ಯಾಟ್ ಜಿಗಿಯಿತು. ಅಂಥ ಜಿಗಿತಕ್ಕೆಂದೇ ವೇಲ್ಸಿನ ಡಿನೋರ್ವಿಗ್ ಬೆಟ್ಟದೊಳಗೆ 1984ರಲ್ಲಿ ಒಂದು ಜಲಸ್ಥಾವರ ಕಟ್ಟಿದ್ದರು. ರಾತ್ರಿ ನೀರನ್ನು ಮೇಲಕ್ಕೆ ಪಂಪು ಮಾಡಿಟ್ಟು, ಬೇಕಾದಾಗ ಸೆಕೆಂಡುಗಳಲ್ಲಿ ಕೆಳಗೆ ಬಿಡುತ್ತಾರೆ. ಎಲ್ಲ ಕಡೆ ಅಂಥ ಬೆಟ್ಟವೂ ಕೆರೆಯೂ ಜೊತೆಯಾಗಿ ಸಿಗುವುದಿಲ್ಲ. ಸಿಗದ ಕಡೆ ಆ ಜಾಗದಲ್ಲಿ ಕೂತದ್ದು ಗ್ಯಾಸ್ ಟರ್ಬೈನು.

ಸಮತೋಲ ತಪ್ಪಿದರೆ ಏನಾಗುತ್ತದೆ ಎನ್ನುವುದನ್ನು 2021ರ ಫೆಬ್ರವರಿಯಲ್ಲಿ ಟೆಕ್ಸಾಸ್ ತೋರಿಸಿತು. ಕೊರೆಯುವ ಚಳಿಯಲ್ಲಿ ಅನಿಲದ ಬಾವಿಗಳೂ ಕೊಳವೆಗಳೂ ಸ್ಥಾವರಗಳ ಉಪಕರಣಗಳೂ ಹೆಪ್ಪುಗಟ್ಟಿ ಒಂದರ ಹಿಂದೊಂದು ನಿಂತವು. 60 ಇರಬೇಕಾದ ಆವರ್ತನ 59.3ರ ಹತ್ತಿರಕ್ಕೆ ಇಳಿಯಿತು. ಇನ್ನು 4 ನಿಮಿಷ 37 ಸೆಕೆಂಡು ಹಾಗೇ ಕಳೆದಿದ್ದರೆ ಇಡೀ ಜಾಲ ಬೀಳುತ್ತಿತ್ತು ಎಂದು ಅದನ್ನು ನಡೆಸುವವರೇ ಆಮೇಲೆ ಹೇಳಿದರು. ಬೀಳದಂತೆ ಉಳಿಸಲು ಲಕ್ಷಾಂತರ ಮನೆಗಳ ಸಂಪರ್ಕ ಕಡಿದರು, ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಹಾಗಾಗಿ ಪೀಕರ್ ಎಂದರೆ ಬರೀ ಕೊಳಕು ಯಂತ್ರ, ಕಿತ್ತೊಗೆಯಿರಿ ಎಂದು ಯಾರಾದರೂ ಸಲೀಸಾಗಿ ಹೇಳಿದರೆ ನನಗೆ ಒಪ್ಪಲಾಗುವುದಿಲ್ಲ. ಕರೆ ಬಂದಾಗ ಏಳುವ ಯಂತ್ರದ ಬೆಲೆ ಏನೆಂದು ಆ ಕುರ್ಚಿಯಲ್ಲಿ ಕೂತು ನೋಡಿದ್ದೇನೆ.

ಕರೆ ಬಂದ ಮೇಲೆ ನಡೆಯುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಒಳ್ಳೆಯದೂ ಕೆಟ್ಟದ್ದೂ ಹೆಚ್ಚಾಗಿ ಆ ಕೆಲವು ನಿಮಿಷಗಳಲ್ಲೇ ಇದೆ.

ನಿಂತ ಟರ್ಬೈನ್ ತಾನಾಗಿ ಏಳಲಾರದು. ಉರಿಯಲು ಒತ್ತಿದ ಗಾಳಿ ಬೇಕು, ಗಾಳಿಯನ್ನು ಒತ್ತಲು ಕಂಪ್ರೆಸರ್ ತಿರುಗಬೇಕು, ಕಂಪ್ರೆಸರನ್ನು ತಿರುಗಿಸಬೇಕಾದದ್ದು ಅದೇ ಟರ್ಬೈನ್. ಮೊದಲ ನೂಕು ಹೊರಗಿನಿಂದ ಬರಬೇಕು. ದೊಡ್ಡ ಯಂತ್ರಗಳಲ್ಲಿ ಜನರೇಟರಿಗೇ ಕರೆಂಟು ಕೊಟ್ಟು ಮೋಟರಿನಂತೆ ತಿರುಗಿಸುತ್ತಾರೆ. ಒಂದಷ್ಟು ವೇಗ ಬಂದ ಮೇಲೂ ಕೂಡಲೇ ಗ್ಯಾಸ್ ಬಿಡುವುದಿಲ್ಲ. ಕೆಲವು ನಿಮಿಷ ಬರೀ ಗಾಳಿ ಹಾಯಿಸಿ, ಹಿಂದೆ ಎಲ್ಲಾದರೂ ಉಳಿದಿರಬಹುದಾದ ಅನಿಲವನ್ನು ಹೊಗೆಕೊಳವೆಯಿಂದ ಹೊರದೂಡುತ್ತಾರೆ. ಈ ಪರ್ಜ್ ಮುಗಿಯುವ ತನಕ ಏನೂ ನಡೆಯದ ಹಾಗೆ ಕಾಣುತ್ತದೆ. ಫೋನಿನ ಆಚೆಗಿದ್ದವರಿಗೆ ತಾಳ್ಮೆ ತಪ್ಪುವುದು ಆಗಲೇ. ಆಮೇಲೆ ಕಿಡಿ. ಕೆಲವೇ ಸೆಕೆಂಡಿನೊಳಗೆ ಜ್ವಾಲೆ ಸೆನ್ಸರಿನ ಕಣ್ಣಿಗೆ ಬೀಳದಿದ್ದರೆ ಗ್ಯಾಸ್ ವಾಲ್ವ್ ತಾನೇ ಮುಚ್ಚಿಕೊಳ್ಳುತ್ತದೆ, ಮತ್ತೆ ಮೊದಲಿನಿಂದ ಶುರು ಮಾಡಬೇಕು.

ಜ್ವಾಲೆ ನಿಂತಿತು ಎಂದುಕೊಳ್ಳಿ. ವೇಗ ಏರುತ್ತದೆ, ಸದ್ದು ಗುಡುಗಿನಿಂದ ಸಿಳ್ಳಿಗೆ ಬದಲಾಗುತ್ತದೆ. ಒಂದು ಹಂತದಲ್ಲಿ ಹೊರಗಿನ ನೂಕು ಬೇಡವಾಗಿ ಯಂತ್ರ ತನ್ನ ಉಸಿರಿನಲ್ಲೇ ಓಡತೊಡಗುತ್ತದೆ. ನಿಮಿಷಕ್ಕೆ 3,000 ಸುತ್ತು, 60 ಹರ್ಟ್ಸ್ ಜಾಲವಾದರೆ 3,600. ವೋಲ್ಟೇಜು, ಆವರ್ತನ, ಅಲೆಯ ಹೆಜ್ಜೆ ಮೂರೂ ಜಾಲದೊಂದಿಗೆ ಹೊಂದಿದ ಕ್ಷಣದಲ್ಲಿ ಯಂತ್ರವನ್ನು ಜಾಲಕ್ಕೆ ಸೇರಿಸುವ ದೊಡ್ಡ ಸ್ವಿಚ್ಚು, ಬ್ರೇಕರ್, ಧಡ್ಡೆಂದು ಕೂರುತ್ತದೆ. ಅಲ್ಲಿಂದ ಲೋಡು, ಅಂದರೆ ಜಾಲಕ್ಕೆ ಕೊಡುವ ವಿದ್ಯುತ್ತು, ಏರಿಸುವುದು. ವಿಮಾನದ ಎಂಜಿನ್ನಿನಿಂದ ಹುಟ್ಟಿದ ಯಂತ್ರಗಳು ಇದರಲ್ಲಿ ಚುರುಕು. ಪೀಕರ್‌ಗಳಲ್ಲಿ ಬಹಳ ಬಳಕೆಯಲ್ಲಿರುವ ಎಲ್ಎಂ6000 ಟರ್ಬೈನು ಬೋಯಿಂಗ್ 747ರ ರೆಕ್ಕೆಯ ಕೆಳಗೆ ತೂಗುವ ಸಿಎಫ್6 ಎಂಜಿನ್ನಿನ ಒಡಹುಟ್ಟು. ತಣ್ಣಗಿದ್ದಲ್ಲಿಂದ ಪೂರ್ತಿ ಲೋಡಿಗೆ ಹತ್ತು ನಿಮಿಷ ಸಾಕು. ನೆಲಕ್ಕೆಂದೇ ಮಾಡಿದ ಭಾರಿ ಯಂತ್ರಗಳಿಗೆ ಇನ್ನಷ್ಟು ಹೊತ್ತು ಹಿಡಿಯುತ್ತದೆ.

ಇಷ್ಟು ಬೇಗ ಏಳುವುದು ಲೋಹಕ್ಕೆ ಸುಖದ ಸಂಗತಿಯಲ್ಲ. ಅಲಗುಗಳ ಸುತ್ತಲಿನ ಬಿಸಿ ಕೆಲವೇ ನಿಮಿಷದಲ್ಲಿ ಸಾವಿರ ಡಿಗ್ರಿ ದಾಟುತ್ತದೆ, ಲೋಹ ಹಿಗ್ಗುತ್ತದೆ. ಆರಿಸಿದಾಗ ಕುಗ್ಗುತ್ತದೆ. ಹಿಗ್ಗಿ ಕುಗ್ಗಿ ಸಣ್ಣ ಬಿರುಕುಗಳು ಹುಟ್ಟುತ್ತವೆ. ಅದಕ್ಕೇ ಪೀಕರ್‌ಗಳ ರಿಪೇರಿಯ ಸಮಯವನ್ನು ಹೆಚ್ಚಾಗಿ ನಿರ್ಧರಿಸುವುದು ಓಡಿದ ಗಂಟೆಗಿಂತ ಎಷ್ಟು ಸಲ ಎದ್ದಿತು ಎನ್ನುವ ಎಣಿಕೆ. ನಮ್ಮಲ್ಲೂ ಸ್ಟಾರ್ಟುಗಳನ್ನು ಒಂದೂ ತಪ್ಪದಂತೆ ಬರೆದಿಡುತ್ತಿದ್ದೆವು. ಯಂತ್ರದ ಆಯಸ್ಸನ್ನು ನಾವು ಸಲದ ಲೆಕ್ಕದಲ್ಲಿ ಎಣಿಸುತ್ತಿದ್ದೆವು, ಹೊಗೆಯನ್ನು ಮಾತ್ರ ವರ್ಷದ ಲೆಕ್ಕದಲ್ಲಿ.

ಇನ್ನು ಇಂಧನದ ವಿಷಯ. ವಿದ್ಯುತ್ ಜಾಲಕ್ಕೆಂದು ನಿಲ್ಲಿಸಿದ ಮೊದಲ ಗ್ಯಾಸ್ ಟರ್ಬೈನು ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್‌ನದು. 1939ರಲ್ಲಿ ಬ್ರೌನ್ ಬೊವೆರಿ ಕಂಪನಿ ಮಾಡಿದ್ದು. ನನಗೆ ಅಚ್ಚರಿಯಾದದ್ದು, ಅದೂ ತುರ್ತಿಗೆಂದು ಕಾದಿರಿಸಿದ ಯಂತ್ರವೇ. ಅದರ ಟರ್ಬೈನು 15,400 ಕಿಲೋವ್ಯಾಟ್ ಹುಟ್ಟಿಸಿದರೆ 11,400 ಅದರದೇ ಕಂಪ್ರೆಸರಿಗೆ ಹೋಗುತ್ತಿತ್ತು, ಜಾಲಕ್ಕೆ ಸಿಗುತ್ತಿದ್ದದ್ದು 4,000. ಇಂಧನದ ಶಕ್ತಿಯಲ್ಲಿ ವಿದ್ಯುತ್ತಾದದ್ದು ಶೇ. 17ರ ಆಸುಪಾಸು. ಇವತ್ತಿನ ಯಂತ್ರಗಳು ಬಹಳ ಮುಂದೆ ಬಂದಿವೆ. ಆದರೂ ಒಂಟಿ ಟರ್ಬೈನಿನ ಪೀಕರ್‌ನಲ್ಲಿ ಶೇ. 33ರಿಂದ 40, ತೀರಾ ಒಳ್ಳೆಯದರಲ್ಲಿ ಅದಕ್ಕಿಂತ ತುಸು ಹೆಚ್ಚು. ಉಳಿದದ್ದು 500 ಡಿಗ್ರಿ ಸೆಲ್ಸಿಯಸ್ಸಿನ ಹತ್ತಿರದ ಬಿಸಿಗಾಳಿಯಾಗಿ ಹೊಗೆಕೊಳವೆಯಿಂದ ಮೇಲೇರುತ್ತದೆ. ರಾತ್ರಿ ಪಾಳಿಯಲ್ಲಿ ಹೊರಗೆ ನಿಂತು ನೋಡಿದರೆ ಕೊಳವೆಯ ಬಾಯಿಯ ಮೇಲಿನ ನಕ್ಷತ್ರಗಳು ನೀರಿನಲ್ಲಿದ್ದ ಹಾಗೆ ಕದಡುತ್ತಿದ್ದವು.

ಆ ಬಿಸಿಯನ್ನು ಹಿಡಿದು ನೀರು ಕಾಯಿಸಿ, ಉಗಿಯಿಂದ ಇನ್ನೊಂದು ಟರ್ಬೈನ್ ತಿರುಗಿಸಬಹುದು. ಅದೇ ಕಂಬೈನ್ಡ್ ಸೈಕಲ್, ಈಗಿನ ಅತ್ಯುತ್ತಮ ಸ್ಥಾವರಗಳಲ್ಲಿ ದಕ್ಷತೆ ಶೇ. 60 ದಾಟಿದೆ. ಪೀಕರ್‌ನಲ್ಲಿ ಯಾಕೆ ಹಾಗೆ ಮಾಡುವುದಿಲ್ಲ ಎಂದರೆ, ಬಾಯ್ಲರಿನ ದಪ್ಪ ಗೋಡೆಗಳನ್ನು ನಿಧಾನವಾಗಿಯೇ ಬಿಸಿ ಮಾಡಬೇಕು. ಅವಸರ ಮಾಡಿದರೆ ಸೀಳುತ್ತವೆ. ಜೊತೆಗೆ ಅದಕ್ಕೆ ಸುರಿದ ಹಣ ಮರಳಬೇಕಾದರೆ ವರ್ಷದಲ್ಲಿ ಸಾವಿರಾರು ಗಂಟೆ ಓಡಬೇಕು. ಕೆಲವೇ ನೂರು ಗಂಟೆ ಓಡುವ ಯಂತ್ರಕ್ಕೆ ಅಷ್ಟು ಖರ್ಚು ಯಾರೂ ಮಾಡುವುದಿಲ್ಲ. ಹಾಗಾಗಿ ಪೀಕರ್ ಬೇಗ ಏಳುತ್ತದೆ, ಹೆಚ್ಚು ಸುಡುತ್ತದೆ.

ಲೆಕ್ಕ ಸರಳ. 100 ಮೆಗಾವ್ಯಾಟಿನ ಪೀಕರ್ ಪೂರ್ತಿ ಲೋಡಿನಲ್ಲಿ ಓಡಿದರೆ ಒಂದು ಗಂಟೆಗೆ ಬಿಡುವ ಕಾರ್ಬನ್ ಡೈಆಕ್ಸೈಡ್ 50 ಟನ್ನಿಗಿಂತ ತುಸು ಹೆಚ್ಚು. ಯೂನಿಟ್ ಲೆಕ್ಕದಲ್ಲಿ ಅರ್ಧ ಕಿಲೋಗಿಂತ ತುಸು ಹೆಚ್ಚು. ಕಂಬೈನ್ಡ್ ಸೈಕಲ್ಲಿನಲ್ಲಿ ಅದು ಮೂರನೇ ಒಂದು ಕಿಲೋದಿಂದ ಸ್ವಲ್ಪ ಮೇಲೆ, ಕಲ್ಲಿದ್ದಲಿನಲ್ಲಿ ಒಂದು ಕಿಲೋದ ಹತ್ತಿರ. ಕಾರ್ಬನ್ನಿನ ಮಟ್ಟಿಗೆ ವರ್ಷದ ಲೆಕ್ಕವೇ ಸರಿಯಾದ ಲೆಕ್ಕ ಎಂದು ಒಪ್ಪುತ್ತೇನೆ. ಈ ಸಂಜೆ ಬಿಟ್ಟರೇನು, ನಾಳೆ ಬೆಳಿಗ್ಗೆ ಬಿಟ್ಟರೇನು, ವಾತಾವರಣದಲ್ಲಿ ಅದು ಕೂಡಿಕೊಳ್ಳುತ್ತಲೇ ಹೋಗುತ್ತದೆ. ಆದರೆ ಗೇಟಿನ ಬಳಿ ನಿಂತ ಆ ತಾಯಿ ಕೇಳಿದ್ದು ಇದನ್ನಲ್ಲ.

ಅವರು ಕೇಳಿದ್ದು ಉಬ್ಬಸವನ್ನು ಕೆರಳಿಸುವ ನೈಟ್ರೋಜನ್ ಆಕ್ಸೈಡುಗಳ ಬಗ್ಗೆ, ಆ ಹೆಸರು ಅವರ ಬಾಯಲ್ಲಿ ಬರದಿದ್ದರೂ. ನೈಸರ್ಗಿಕ ಅನಿಲದಲ್ಲಿ ಬೂದಿಯಿಲ್ಲ, ಗಂಧಕ ಇಲ್ಲವೆನ್ನುವಷ್ಟು ಕಡಿಮೆ. ಕೊಳವೆಯಿಂದ ಕಪ್ಪು ಹೊಗೆಯೇನೂ ಏಳುವುದಿಲ್ಲ. ಆದರೆ ಉರಿಯಲು ಎಳೆದುಕೊಂಡ ಗಾಳಿಯಲ್ಲೇ ಐದರಲ್ಲಿ ನಾಲ್ಕು ಪಾಲು ನೈಟ್ರೋಜನ್ ಇದೆಯಲ್ಲ. ಮಾಮೂಲಿಗೆ ಯಾರ ಗೊಡವೆಗೂ ಹೋಗದ ಅನಿಲ ಅದು. ಜ್ವಾಲೆಯ ಬಿಸಿ 1,500 ಡಿಗ್ರಿ ದಾಟಿದ ಮೇಲೆ ಅದರ ಗಟ್ಟಿ ಬಂಧವೂ ಸಡಿಲಿ ಆಮ್ಲಜನಕದೊಂದಿಗೆ ಕೂಡಿಕೊಳ್ಳುತ್ತದೆ. ಇದು ಹೇಗೆ ನಡೆಯುತ್ತದೆಂದು 1940ರ ದಶಕದಲ್ಲಿ ಬಿಡಿಸಿ ತೋರಿಸಿದವರು ಸೋವಿಯತ್ ವಿಜ್ಞಾನಿ ಯಾಕೊವ್ ಝೆಲ್ಡೊವಿಚ್. ಬಿಸಿ ಸ್ವಲ್ಪ ಏರಿದರೂ ಈ ಕ್ರಿಯೆ ಬಹಳ ಜೋರಾಗುತ್ತದೆ. ದಕ್ಷತೆ ಬೇಕೆಂದು ಜ್ವಾಲೆಯನ್ನು ಬಿಸಿಯಾಗಿಸಿದಷ್ಟೂ ಈ ವಿಷ ಹೆಚ್ಚು.

ತಡೆಯುವ ದಾರಿಗಳಿವೆ. ಜ್ವಾಲೆಗೆ ನೀರನ್ನೋ ಉಗಿಯನ್ನೋ ಚಿಮುಕಿಸಿ ತಣಿಸಬಹುದು. ಗ್ಯಾಸನ್ನು ಮೊದಲೇ ಬೇಕಾದ್ದಕ್ಕಿಂತ ಹೆಚ್ಚು ಗಾಳಿಯೊಂದಿಗೆ ಬೆರೆಸಿ ತೆಳುವಾಗಿ ಉರಿಸಬಹುದು. ಅದಾದ ಮೇಲೂ ಹೊಗೆಯ ದಾರಿಯಲ್ಲಿ ರಾಸಾಯನಿಕ ಕ್ರಿಯೆಯನ್ನು ಚುರುಕಾಗಿಸುವ ಕ್ಯಾಟಲಿಸ್ಟಿನ ಜಾಲರಿ ಇಟ್ಟು, ಅಮೋನಿಯಾ ಸಿಂಪಡಿಸಿ, ಉಳಿದ ಆಕ್ಸೈಡನ್ನು ಮತ್ತೆ ನೈಟ್ರೋಜನ್ ಮತ್ತು ನೀರಾಗಿ ಒಡೆಯಬಹುದು. ಅದೇ 100 ಮೆಗಾವ್ಯಾಟಿನ ಯಂತ್ರಕ್ಕೆ ನಾನು ಲೆಕ್ಕ ಹಾಕಿ ನೋಡಿದ್ದೇನೆ. ಯಾವ ತಡೆಯೂ ಇಲ್ಲದ ಹಳೆಯ ಟರ್ಬೈನು 150 ಪಿಪಿಎಂ (ಹೊಗೆಯ ಹತ್ತು ಲಕ್ಷ ಪಾಲಿನಲ್ಲಿ 150 ಪಾಲು) ಬಿಟ್ಟರೆ ಗಂಟೆಗೆ ಸುಮಾರು 250 ಕಿಲೋ ನೈಟ್ರೋಜನ್ ಆಕ್ಸೈಡ್. ತೆಳು ಜ್ವಾಲೆಯಿಂದ 25 ಪಿಪಿಎಂಗೆ ಇಳಿಸಿದರೆ ಸುಮಾರು 42 ಕಿಲೋ. ಕ್ಯಾಟಲಿಸ್ಟ್ ಹಾಕಿ 2.5ಕ್ಕೆ ತಂದರೆ ನಾಲ್ಕು ಕಿಲೋ. ಒಂದೇ ವಿದ್ಯುತ್ತಿಗೆ ಅರವತ್ತು ಪಟ್ಟು ವ್ಯತ್ಯಾಸ. "ಗ್ಯಾಸ್ ಸ್ಥಾವರ" ಎಂಬ ಒಂದೇ ಮಾತಿನ ಕೆಳಗೆ ಇಷ್ಟು ಅಂತರ ಅಡಗಿದೆ.

ಈ ಉಪಾಯಗಳೆಲ್ಲ ಯಂತ್ರ ನೆಲೆಗೊಂಡು ಓಡುವಾಗ ಚೆನ್ನಾಗಿ ಕೆಲಸ ಮಾಡುತ್ತವೆ. ಎದ್ದೇಳುವಾಗ ಮಾಡುವುದಿಲ್ಲ. ತೆಳು ಜ್ವಾಲೆ ಲೋಡು ಸುಮಾರು ಅರ್ಧ ದಾಟುವ ತನಕ ನಿಲ್ಲುವುದೇ ಕಷ್ಟ, ಆರಿಹೋಗುತ್ತದೆ. ಅದಕ್ಕೆ ಅಷ್ಟು ಹೊತ್ತು ಗ್ಯಾಸ್ ಹೆಚ್ಚಿರುವ ಜ್ವಾಲೆಯಲ್ಲೇ ನಡೆಸುತ್ತಾರೆ, ಆಗ ನೈಟ್ರೋಜನ್ ಆಕ್ಸೈಡೂ ಜಾಸ್ತಿ, ಅರೆಬರೆ ಉರಿದು ಹುಟ್ಟುವ ಕಾರ್ಬನ್ ಮೊನಾಕ್ಸೈಡೂ ಜಾಸ್ತಿ. ಕ್ಯಾಟಲಿಸ್ಟ್ ತಣ್ಣಗಿದ್ದರೆ ಅಮೋನಿಯಾ ಸಿಂಪಡಿಸಿ ಪ್ರಯೋಜನವಿಲ್ಲ, ಅದು 300 ಡಿಗ್ರಿಯ ಮೇಲೆ ಬಿಸಿಯಾಗುವ ತನಕ ಕಾಯಬೇಕು. ದಿನವಿಡೀ ಓಡುವ ಸ್ಥಾವರಕ್ಕೆ ಈ ಅರ್ಧ ಗಂಟೆ ತಿಂಗಳಿಗೊಮ್ಮೆ ಬಂದುಹೋಗುವ ಮಾತು. ಪೀಕರ್ ಓಡುವುದೇ ಎರಡು ಮೂರು ಗಂಟೆ, ಅದರ ಬದುಕಿನಲ್ಲಿ ಈ ಅರ್ಧ ಗಂಟೆಯ ಪಾಲು ದೊಡ್ಡದು. ಎಷ್ಟೋ ಪರವಾನಗಿಗಳಲ್ಲಿ ಎಬ್ಬಿಸುವ ಮತ್ತು ಆರಿಸುವ ಹೊತ್ತಿಗೆ ಮಾಮೂಲಿ ಮಿತಿ ಅನ್ವಯಿಸುವುದಿಲ್ಲ, ಅಥವಾ ಸಡಿಲ ಮಿತಿ ಬೇರೆಯೇ ಇರುತ್ತದೆ. ತಾಂತ್ರಿಕ ಕಾರಣ ನನಗೆ ಅರ್ಥವಾಗುತ್ತದೆ. ಗೋಡೆಯಾಚೆಯ ಮಗುವಿಗೆ ಅದರಿಂದ ಏನೂ ಬದಲಾಗುವುದಿಲ್ಲ ಎನ್ನುವುದೂ ಅರ್ಥವಾಗುತ್ತದೆ.

ಮತ್ತೆ, ಈ ಹೊಗೆ ಎಂಥ ದಿನ ಏಳುತ್ತದೆ ನೋಡಿ. ಬಿಸಿಲು ಹೆಚ್ಚಿದ ದಿನ ಕೂಲರು ಎಸಿಗಳೆಲ್ಲ ಓಡುತ್ತವೆ, ಪೀಕರ್‌ಗೆ ಕರೆ ಬರುತ್ತದೆ. ನೈಟ್ರೋಜನ್ ಆಕ್ಸೈಡು ಗಾಳಿಯ ಇತರ ಆವಿಗಳೊಂದಿಗೆ ಸೇರಿ, ಉಸಿರಿಗೆ ಹಾನಿ ಮಾಡುವ ನೆಲಮಟ್ಟದ ಓಝೋನ್ ಆಗುವುದಕ್ಕೂ ಅದೇ ಬಿಸಿಲೇ ಬೇಕು. ಗಾಳಿ ಆಡದ, ಮೊದಲೇ ಉಸಿರು ಕಟ್ಟುವ ದಿನಗಳನ್ನೇ ಆರಿಸಿಕೊಂಡ ಹಾಗೆ ಈ ಯಂತ್ರಗಳು ಎದ್ದೇಳುತ್ತವೆ. ಸಾಲದ್ದಕ್ಕೆ ಬಿಸಿ ಗಾಳಿ ತೆಳು. ಕಂಪ್ರೆಸರಿಗೆ ಸಿಗುವ ಗಾಳಿಯ ತೂಕ ಕಡಿಮೆಯಾಗಿ ಟರ್ಬೈನಿನ ಶಕ್ತಿಯೂ ಕುಗ್ಗುತ್ತದೆ. ಯಂತ್ರದ ಮೇಲೆ ಬರೆದಿರುವ ಮೆಗಾವ್ಯಾಟು 15 ಡಿಗ್ರಿಯ ತಂಪು ಗಾಳಿಗೆ ಹೇಳಿದ್ದು. 40 ಡಿಗ್ರಿಯಲ್ಲಿ ಅಷ್ಟು ಸಿಗುವುದಿಲ್ಲ. ಗಾಳಿ ಸೇದುವ ಕಡೆ ಮಂಜಿನಂತೆ ನೀರು ಸಿಂಪಡಿಸಿ ಸ್ವಲ್ಪ ಗಳಿಸಿಕೊಳ್ಳುತ್ತಿದ್ದೆವು.

ಅಮೆರಿಕದಲ್ಲಿ ಇಂಥ ಸ್ಥಾವರಗಳು ಸಾವಿರದ ಹತ್ತಿರ ಇವೆ. ಒಟ್ಟು ಸಾಮರ್ಥ್ಯದಲ್ಲಿ ಅವುಗಳ ಪಾಲು ಶೇ. 19, ವರ್ಷದ ಉತ್ಪಾದನೆಯಲ್ಲಿ ಸುಮಾರು ಶೇ. 3, ಎಂದು ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧನಾ ಕಚೇರಿ 2021ರ ಅಂಕಿಗಳನ್ನಿಟ್ಟು ಹೇಳಿದೆ. ಬೇಡಿಕೆ ಇರುವುದು ನಗರಗಳಲ್ಲಿ, ಹಾಗಾಗಿ ಪೀಕರ್‌ಗಳೂ ನಗರಗಳೊಳಗೇ ಕೂತಿವೆ, ಹೆಚ್ಚಾಗಿ ಬಡವರ ಕೇರಿಗಳ ಪಕ್ಕ. ನ್ಯೂಯಾರ್ಕಿನ ಬ್ರೂಕ್ಲಿನ್ ತೀರದಲ್ಲಿ 1970ರ ದಶಕದಿಂದ ದೋಣಿಗಳ ಮೇಲೆಯೇ ಟರ್ಬೈನುಗಳ ಸಾಲು ನಿಂತಿದೆ. ಆ ರಾಜ್ಯ 2019ರಲ್ಲಿ ಹಳೆಯ ಪೀಕರ್‌ಗಳಿಗೆ ನೈಟ್ರೋಜನ್ ಆಕ್ಸೈಡಿನ ಬಿಗಿ ಮಿತಿ ತಂದಿತು, 2023 ಮತ್ತು 2025ರಲ್ಲಿ ಎರಡು ಹಂತವಾಗಿ. ಓಝೋನ್ ಏರುವ ತಿಂಗಳುಗಳಿಗೆ ಗುರಿಯಿಟ್ಟ ನಿಯಮ ಅದು, ವರ್ಷದ ಮೊತ್ತಕ್ಕೆ ಇಟ್ಟದ್ದಲ್ಲ. ನನ್ನ ಮಟ್ಟಿಗೆ ಅದರ ಹಿರಿಮೆ ಅಲ್ಲೇ ಇದೆ. ಹಲವು ಯಂತ್ರಗಳು ಮುಚ್ಚಿದವು. ಆದರೆ 2023ರ ಕೊನೆಗೆ ಜಾಲ ನಡೆಸುವ ಸಂಸ್ಥೆ, ಬಿಸಿಲಿನ ತುತ್ತತುದಿಯ ದಿನ ನಗರಕ್ಕೆ ವಿದ್ಯುತ್ ಸಾಲದೆ ಹೋಗಬಹುದು ಎಂದು ಆ ದೋಣಿಗಳ ಕೆಲವು ಯಂತ್ರಗಳನ್ನು ಇನ್ನಷ್ಟು ಕಾಲ ಉಳಿಸಿಕೊಂಡಿತು. ಆ ನಿರ್ಧಾರ ಮಾಡಿದವರ ಕಷ್ಟವೂ ನನಗೆ ಕಾಣುತ್ತದೆ.

ಕೊಳವೆಯಿಂದ ಹೊರಬರದ ಮಾಲಿನ್ಯವೂ ಒಂದಿದೆ. ಬಾವಿಯಿಂದ ಟರ್ಬೈನಿನ ತನಕ ದಾರಿಯುದ್ದಕ್ಕೂ ಸೋರುವ ಮೀಥೇನ್. ಅದು ಹತ್ತು ಹನ್ನೆರಡು ವರ್ಷದಲ್ಲಿ ಕರಗುತ್ತದಾದರೂ, 20 ವರ್ಷದ ಅವಧಿಗೆ ಲೆಕ್ಕ ಹಾಕಿದರೆ ತೂಕಕ್ಕೆ ತೂಕ ಕಾರ್ಬನ್ ಡೈಆಕ್ಸೈಡಿಗಿಂತ ಎಂಬತ್ತು ಪಟ್ಟಿಗೂ ಮಿಗಿಲಾಗಿ ಭೂಮಿಯನ್ನು ಬಿಸಿ ಮಾಡುತ್ತದೆ. ಪೀಕರ್‌ಗಳಿಗೆ ಗ್ಯಾಸ್ ಏಕಾಏಕಿ ಬೇಕು, ಅದಕ್ಕೆ ದೊಡ್ಡ ಸಂಗ್ರಹಗಳು ಹತ್ತಿರದಲ್ಲಿರಬೇಕು. ಲಾಸ್ ಏಂಜಲಿಸ್ ಪಕ್ಕದ ಅಲಿಸೊ ಕ್ಯಾನ್ಯನ್ ಅಂಥದ್ದೊಂದು ನೆಲದಡಿಯ ಸಂಗ್ರಹ. 2015ರ ಅಕ್ಟೋಬರಿನಲ್ಲಿ ಅದರ ಒಂದು ಬಾವಿ ಬಾಯಿಬಿಟ್ಟು, 2016ರ ಫೆಬ್ರವರಿಯಲ್ಲಿ ಮುಚ್ಚುವ ಹೊತ್ತಿಗೆ ಸುಮಾರು 97,000 ಟನ್ ಮೀಥೇನ್ ಆಕಾಶ ಸೇರಿತ್ತು. ಸಾವಿರಾರು ಕುಟುಂಬಗಳು ಮನೆ ಬಿಟ್ಟು ಹೋಗಬೇಕಾಯಿತು.

ಆ ಸೋರಿಕೆಯಿಂದಲೇ ಇನ್ನೊಂದು ದಾರಿಯೂ ತೆರೆಯಿತು. ಗ್ಯಾಸ್ ಸಾಲದೆ ಹೋದೀತೆಂಬ ಭಯಕ್ಕೆ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಕೆಲವೇ ತಿಂಗಳಲ್ಲಿ ದೊಡ್ಡ ಬ್ಯಾಟರಿಗಳನ್ನು ತಂದು ನಿಲ್ಲಿಸಿದರು. ಅದೇ ಸೀಮೆಯ ಆಕ್ಸ್‌ನಾರ್ಡ್ ಊರಿನ ಜನ ತಮ್ಮ ಕಡಲತೀರದಲ್ಲಿ ಬರಲಿದ್ದ ಹೊಸ ಪೀಕರ್ ಬೇಡವೆಂದು ಹೋರಾಡಿ ಗೆದ್ದರು, ಆ ಕೆಲಸಕ್ಕೆ ಹತ್ತಿರದಲ್ಲೇ 100 ಮೆಗಾವ್ಯಾಟಿನ, ನಾಲ್ಕು ಗಂಟೆ ನಡೆಯುವ ಬ್ಯಾಟರಿ 2021ರಲ್ಲಿ ಬಂತು. ಅದಕ್ಕೂ ಮೊದಲು, ಇಡೀ ರಾಜ್ಯ ಕತ್ತಲಾದ ಮರುವರ್ಷ 2017ರಲ್ಲಿ, ದಕ್ಷಿಣ ಆಸ್ಟ್ರೇಲಿಯಾ ಹಾರ್ನ್ಸ್‌ಡೇಲ್‌ನಲ್ಲಿ 100 ಮೆಗಾವ್ಯಾಟಿನ ಬ್ಯಾಟರಿ ನಿಲ್ಲಿಸಿತ್ತು. ನಾವು ಅರ್ಧ ಗಂಟೆಯಲ್ಲಿ ಮಾಡುತ್ತಿದ್ದುದನ್ನು ಅದು ಸೆಕೆಂಡಿನೊಳಗೆ ಮಾಡುತ್ತದೆ, ಪರ್ಜ್ ಇಲ್ಲ, ಕಿಡಿಯಿಲ್ಲ. 2024ರ ಏಪ್ರಿಲಿನ ಒಂದು ಸಂಜೆ ಕ್ಯಾಲಿಫೋರ್ನಿಯಾದ ಜಾಲದಲ್ಲಿ ಸ್ವಲ್ಪ ಹೊತ್ತು ಎಲ್ಲಕ್ಕಿಂತ ಹೆಚ್ಚು ವಿದ್ಯುತ್ ಬಂದದ್ದು ಬ್ಯಾಟರಿಗಳಿಂದ. ಆ ಗ್ರಾಫನ್ನು ನೋಡುತ್ತಾ ನಾನು ಬಹಳ ಹೊತ್ತು ಕೂತಿದ್ದೆ.

ಸಂಜೆಯ ಮೂರು ನಾಲ್ಕು ಗಂಟೆಯ ಏರಿಕೆಗೆ ಇದು ಸಾಕು. ವಾರವಿಡೀ ಚಳಿ ಹಿಡಿದು, ಮೋಡ ಕವಿದು, ಗಾಳಿಯೂ ಬೀಸದಿದ್ದರೆ ಸಾಲದು. ಅಂಥ ದಿನಗಳಿಗೆ ಯಾವುದೋ ಇಂಧನ ತುಂಬಿದ ಯಂತ್ರ ಇನ್ನೂ ಕೆಲವು ಕಾಲ ಕಾದು ನಿಂತಿರಬೇಕಾದೀತು. ಹೈಡ್ರೋಜನ್ ಸುಡೋಣ ಎನ್ನುವವರಿದ್ದಾರೆ. ಆಗ ಕಾರ್ಬನ್ ಹೋಗುತ್ತದೆ, ಆದರೆ ಹೈಡ್ರೋಜನ್ನಿನ ಜ್ವಾಲೆ ಇನ್ನೂ ಬಿಸಿ, ಝೆಲ್ಡೊವಿಚ್ ಹೇಳಿದ ಕ್ರಿಯೆ ಇನ್ನೂ ಜೋರು. ಹಾಗೆ ಉಳಿಯುವ ಯಂತ್ರಗಳ ಮಟ್ಟಿಗೆ ನಾನು ಕೇಳುವುದು ಇಷ್ಟು: ಕ್ಯಾಟಲಿಸ್ಟ್ ಇಲ್ಲದೆ ಯಾವುದೂ ಮನೆಗಳ ನಡುವೆ ಓಡಬಾರದು, ಮತ್ತು ಪ್ರತಿ ಗಂಟೆಯ ಅಂಕಿ, ಎಬ್ಬಿಸಿದ ಅರ್ಧ ಗಂಟೆಯದೂ ಸೇರಿ, ಗೋಡೆಯಾಚೆಯವರಿಗೆ ಗೊತ್ತಾಗಬೇಕು. ಇದು ಆಗದ ಮಾತಲ್ಲ. ಅಮೆರಿಕದಲ್ಲಿ ದೊಡ್ಡ ಸ್ಥಾವರಗಳ ಹೊಗೆಕೊಳವೆಯ ಗಂಟೆಗಂಟೆಯ ಅಳತೆ ಯಾರು ಬೇಕಾದರೂ ನೋಡುವ ಹಾಗೆ ಸಿಗುತ್ತದೆ.

ನಮ್ಮಲ್ಲೂ ಅಳೆಯುವ ಯಂತ್ರವಿತ್ತು. ಆವರ್ತನದ ದೊಡ್ಡ ಅಂಕಿಯ ಕೆಳಗೆ, ಎಡಗಡೆಯ ಪರದೆಯ ಮೂಲೆಯಲ್ಲಿ ಪಿಪಿಎಂ ಮೂಡುತ್ತಿತ್ತು. ಆ ಕಾಲದ ನನ್ನ ಡೈರಿ ಈಗಲೂ ಇದೆ, ಮೊನ್ನೆ ತೆಗೆದು ನೋಡಿದೆ. ಅವರು ನನ್ನನ್ನು ಗೇಟಿನಲ್ಲಿ ನಿಲ್ಲಿಸಿದ ಹಿಂದಿನ ದಿನದ ಪುಟದಲ್ಲಿ ನನ್ನ ಕೈಬರಹದಲ್ಲೇ ಇದೆ: ಕರೆ 6 ಗಂಟೆ 12 ನಿಮಿಷ, ಬ್ರೇಕರ್ 6 ಗಂಟೆ 31, ಪೂರ್ತಿ ಲೋಡು 6 ಗಂಟೆ 44, ಆರಿಸಿದ್ದು 9 ಗಂಟೆ 40. ಸ್ಟಾರ್ಟಿನ ಸಂಖ್ಯೆಯೂ ಇದೆ. ಪಿಪಿಎಂ ಬರೆದುಕೊಂಡಿಲ್ಲ.